ಲಾನ್ ಚೇನಿ: ನಾಟಕ ಕಂಪನಿಯಿಂದ ಮೂಕಿ ಸಿನಿಮಾಗೆ ಬಂದ ಈ ಮನುಷ್ಯ ಬರೀ ಮೇಕಪ್ಪಿಂದ ದೊಡ್ಡೋನಾದ್ನಾ?

ಬಣ್ಣದಪೆಟ್ಟಿಗೆ:
ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ. ನಾನು ಹವ್ಯಾಸಿ ತಂಡಗಳಿಗೆ, ಸ್ಕೂಲ್ ಡೇ ನಾಟಕಗಳಿಗೆ ಬಣ್ಣ ಹಚ್ಚೋ ಕೆಲಸ ಮಾಡ್ಕೊಂಡು ಬಂದು ಇಪ್ಪತ್ತೆರಡು ವರ್ಷ ಆಯ್ತು. ಲಾನ್ ಚೇನಿ ಅನ್ನೋ ಹೆಸರು ನನ್ನ ತಲೇಲಿ ಮೊದಲಿಂದಾನೂ ಇತ್ತು, 'ಸಾವಿರ ಮುಖದ ಮನುಷ್ಯ' ಅಂತ ಅಮೆರಿಕದಲ್ಲಿ ಕರೀತಿದ್ರು, ತನ್ನ ಮೇಕಪ್ ತಾನೇ ಮಾಡ್ಕೊತಿದ್ದ, 1929ರ ಬ್ರಿಟಾನಿಕಾ ವಿಶ್ವಕೋಶದಲ್ಲಿ ಮೇಕಪ್ ಬಗ್ಗೆ ಲೇಖನ ಬರೆದಿದ್ದೂ ಅವನೇ, ಅವನ ಮೇಕಪ್ ಪೆಟ್ಟಿಗೆ ಈಗ್ಲೂ ಲಾಸ್ ಏಂಜಲಿಸ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ನಾನೂ ಅಷ್ಟಕ್ಕೇ ಅವನನ್ನ ಹುಡುಕ್ಕೊಂಡು ಹೋದೋನು. ಆ ಕಾಲಕ್ಕೆ ಫೋಮೂ ಇಲ್ಲ, ಸಿಲಿಕಾನೂ ಇಲ್ಲ, ಗ್ರೀಸ್ ಪೇಂಟು, ಮೂಗಿಗೆ ಪುಟ್ಟಿ, ಗಾಯದ ಗುರುತಿಗೆ ಕೊಲೋಡಿಯನ್ ಅನ್ನೋ ಅಂಟು ದ್ರವ, ಕ್ರೇಪ್ ಕೂದಲು, ಇಷ್ಟರಲ್ಲೇ ಮುಗಿಸ್ಬೇಕಿತ್ತು.

ಆದ್ರೆ ಹೋದ ವಾರ 1925ರ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' ಮತ್ತೆ ಹಾಕ್ಕೊಂಡು ಕೂತೆ. ಮನೇಲಿ ಎಲ್ರೂ ಮಲಗಿದ್ರು, ಅದಕ್ಕೆ ಹಿನ್ನೆಲೆ ಸಂಗೀತಾನೂ ಪೂರ್ತಿ ಆಫ್ ಮಾಡಿದ್ದೆ. ಸುಮಾರು ಅರ್ಧ ಸಿನಿಮಾ ಅವನ ಮುಖಕ್ಕೆ ಮುಖವಾಡ ಇರತ್ತೆ, ನಾವು ಕಾಯ್ತಾ ಇರೋ ಆ ಮೇಕಪ್ ಕಾಣೋದೇ ಇಲ್ಲ, ಆದ್ರೂ ಕಣ್ಣು ಕೀಳಕ್ಕಾಗಲ್ಲ, ಯಾಕೆ ಅಂತ ನೋಡ್ತಾ ನೋಡ್ತಾ ಗೊತ್ತಾಯ್ತು, ನಾನು ಇಷ್ಟೊತ್ತೂ ಅವನ ಕೈಗಳನ್ನೇ ನೋಡ್ತಾ ಇದೀನಿ. ಕನ್ನಡಿ ಹಿಂದಿನ ದಾರೀಲಿ ಅವನು ಪ್ರೀತಿಸೋ ಹುಡುಗಿ ನಿಂತಿರ್ತಾಳೆ, ಇವನು ಹಿಂದಿಂದ ಬಂದು ಭುಜ ಮುಟ್ಟಬೇಕು. ಕೈ ಚಾಚ್ತಾನೆ ನೋಡಿ, ಬೆರಳು ತಾಗೋದಕ್ಕೆ ಮುಂಚೇನೇ ಅಳುಕು ಕಾಣ್ಸತ್ತೆ, ಎಷ್ಟೋ ವರ್ಷದಿಂದ ಯಾರನ್ನೂ ಮುಟ್ಟದೇ ಇರೋನು ಮುಟ್ಟಿದ ಹಾಗಿದೆ.

ಹಾಗಾಗಿ ನನ್ನ ಪ್ರಶ್ನೆ. ನಾವೆಲ್ಲ ಇವನನ್ನ ಮೇಕಪ್ ಮಾಂತ್ರಿಕ ಅಂತ ಹೇಳ್ಕೊಂಡು ಬಂದಿದೀವಲ್ಲ, ನಟನ ಕಡೆ ಸರಿಯಾಗಿ ನೋಡ್ಲೇ ಇಲ್ವಾ?

ಕಡಲತಡಿ:
ಬಣ್ಣದಪೆಟ್ಟಿಗೆಯವರೇ, ಒಳ್ಳೆ ವಿಷಯ ತೆಗ್ದಿದ್ದೀರಿ ಮಾರಾಯ್ರೆ. ನಮ್ಮಲ್ಲಿ ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಡ್ತಾರಲ್ಲ, ಅಕ್ಕಿಹಿಟ್ಟು ಸುಣ್ಣ ಕಲಸಿ ಒಂದೊಂದೇ ಮುಳ್ಳು, ಅದನ್ನು ನೋಡ್ಲಿಕ್ಕೆಂದೇ ನಾವು ಸಣ್ಣವರಿರುವಾಗ ಚೌಕಿಗೆ ನುಗ್ತಿದ್ದದ್ದು. ಆದ್ರೆ ಹಿರಿಯ ವೇಷಧಾರಿಗಳು ಏನು ಹೇಳುದು ಗೊತ್ತುಂಟಾ, ಬಣ್ಣ ಹಾಕಿದ ಮೇಲೆ ಮುಖ ಬಿಗಿದು ಹೋಗ್ತದೆ, ಹುಬ್ಬು ಕೆನ್ನೆ ಆಡುದಿಲ್ಲ, ಇನ್ನು ಕುಣಿತದಲ್ಲಿ ಕೈಯಲ್ಲಿ ಕೊರಳಲ್ಲೇ ರಾಕ್ಷಸ ಬರ್ಬೇಕು. ಚೇನಿಗೂ ಅದೇ ಪಾಡು ಅಲ್ವಾ, ಪುಟ್ಟಿ ಒಣಗಿದ ಮೇಲೆ ಮುಖದಲ್ಲಿ ಅಭಿನಯ ಎಲ್ಲಿಂದ ಮಾಡುದು? ಮತ್ತೆ ಇವನು ಸ್ಟೇಜಿನಲ್ಲಿ ಏನು ಮಾಡ್ತಿದ್ದದ್ದು, ಗಂಭೀರ ನಾಟಕವಾ?

ಬಣ್ಣದಪೆಟ್ಟಿಗೆ:
ಕಡಲತಡಿಯವರೇ, ಇಲ್ಲ, ಗಂಭೀರ ನಾಟಕ ಅಲ್ವೇ ಅಲ್ಲ! ಹಾಡು, ಕುಣಿತ, ಹಾಸ್ಯ. ಊರು ಕೊಲರಾಡೋ ಸ್ಪ್ರಿಂಗ್ಸ್, ಹುಟ್ಟಿದ್ದು 1883ರ ಏಪ್ರಿಲ್ 1. ಮೊದ್ಲು ಅಲ್ಲಿನ ಆಪೆರಾ ಹೌಸಲ್ಲಿ ರಂಗದ ಹಿಂದಿನ ಕೆಲಸ, ಸಾಮಾನು ಎತ್ತೋದು ಇಡೋದು, ಆಮೇಲೆ 1902ರಿಂದ ಊರೂರು ಸುತ್ತೋ ಕಂಪನಿಗಳಲ್ಲಿ ಕಾಮಿಕ್ ಪಾರ್ಟು. ಒಂದೇ ಮನುಷ್ಯ ಪಾರ್ಟೂ ಮಾಡ್ಬೇಕು, ಡ್ಯಾನ್ಸೂ ಕೂರಿಸ್ಬೇಕು, ಬಟ್ಟೆಬರೆನೂ ನೋಡ್ಕೋಬೇಕು, ಸ್ಟೇಜ್ ಮ್ಯಾನೇಜರೂ ಆಗ್ಬೇಕು. ಕಂಪನಿ ನಾಟಕದವರ ಬದುಕು ನೋಡಿದೋರಿಗೆ ಇದು ಹೊಸದಲ್ಲ, ಕಲೆಕ್ಷನ್ ಬಂದ್ರೆ ಊಟ ಇಲ್ಲಾಂದ್ರೆ ಅದೂ ಇಲ್ಲ. ಹತ್ತು ವರ್ಷಕ್ಕೂ ಮೇಲೆ ಹೀಗೇ ತಿರುಗಿದ. ಅವನ ಸಿನಿಮಾ ನೋಡುವಾಗ ನಡಿಗೆ ಗಮನಿಸಿ, ಒಂದು ಪಾತ್ರದ ನಡಿಗೆ ಇನ್ನೊಂದಕ್ಕೆ ಬರಲ್ಲ. ಅದು ಡ್ಯಾನ್ಸರ್ ಕಾಲು.

ಧಾರವಾಡದಾಕಿ:
ನಾಟಕ ಬಿಟ್ಟು ಸಿನಿಮಾಕ್ಕ ಯಾಕ ಬಂದ ಅನ್ನೂದು ಯಾರೂ ಹೇಳವಲ್ರಿ. ಅದನ್ನ ನಾ ಹೇಳ್ತೀನಿ, ಯಾಕಂದ್ರ ಅದರಾಗ ಒಬ್ಬ ಹೆಣ್ಣುಮಗಳ ಕಥಿ ಮುಚ್ಚಿ ಹೋಗೇತಿ. ಕ್ಲೀವಾ ಕ್ರೈಟನ್ ಅಂತ, ಗಾಯಕಿ, 1905ರಾಗ ಒಕ್ಲಹೋಮಾದಾಗ ಕಂಪನಿಗೆ ಬಂದಾಗ ಆಕಿ ವಯಸ್ಸು ಹದಿನಾರು. ಲಗ್ನ ಆತು, ಮುಂದಿನ ವರ್ಷ ಮಗ ಹುಟ್ಟಿದ. ಆಕಿ ಹಾಡು ಜನಕ್ಕ ಭಾಳ ಹಿಡಸ್ತಿತ್ತು, ಮನಿಯೊಳಗ ಮಾತ್ರ ಜಗಳ ಮ್ಯಾಲ ಜಗಳ. 1913ರ ಏಪ್ರಿಲ್‌ದಾಗ ಲಾಸ್ ಏಂಜಲಿಸ್‌ನ ಮೆಜೆಸ್ಟಿಕ್ ಥಿಯೇಟರಿನ್ಯಾಗ ಈತ ಕೆಲಸಾ ಮಾಡ್ತಿದ್ನಲ್ಲ, ಅಲ್ಲೇ ಹೋಗಿ ಆಕಿ ವಿಷಾ ಕುಡದ್ಲು. ಜೀವ ಉಳೀತು, ಕಂಠ ಹೋತು. ಹಾಡಿ ಬದುಕಾಕಿ ಕಂಠಾನೇ ಹೋತಂದ್ರ ಮತ್ತೇನು ಉಳೀತ್ರಿ.

ಆ ಗದ್ದಲದಾಗ ನಾಟಕದವರು ಯಾರೂ ಈತಗ ಕೆಲಸಾ ಕೊಡದಂಗಾತು, ಹಿಂಗಾಗಿ ಯೂನಿವರ್ಸಲ್ ಅನ್ನೂ ಸಿನಿಮಾ ಕಂಪನಿ ಬಾಗಲಾ ಬಡದ. ಡಿವೋರ್ಸ್ ಆತು, ಮಗನ್ನ ಈತ ಇಟ್ಕೊಂಡ, ನಿಮ್ಮವ್ವ ತೀರಿಕೊಂಡಾಳ ಅಂತ ಮಗನಿಗೆ ಹೇಳಿ ಬೆಳಸಿದ. ಅಪ್ಪ ಸತ್ತ ಮ್ಯಾಲ ಆ ಹುಡುಗಗ ಅವ್ವ ಜೀವಂತ ಇದ್ದಾಳ ಅನ್ನೂದು ಗೊತ್ತಾತು. ನಟ ದೊಡ್ಡಾಂವ, ಒಪ್ಪೂಣು. ಆದ್ರ ಆತನ ಕರಿಯರ್ ಬಗ್ಗೆ ಬರಿಯೂ ಮುಂದ ಆಕಿ ಹೆಸರನ್ನ ಒಂದು ಸಾಲಿನ್ಯಾಗ ಮುಗಿಸಬ್ಯಾಡ್ರಿ.

ಬಣ್ಣದಪೆಟ್ಟಿಗೆ:
ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅದನ್ನ ಬಿಟ್ಟಿದ್ದು ತಪ್ಪು. ಮಗನಿಗೆ ಹಾಗೆ ಹೇಳಿದ್ದನ್ನ ನಾನೂ ಸಮರ್ಥನೆ ಮಾಡಲ್ಲ. ಆ ಮಗಾನೇ ಮುಂದೆ ಲಾನ್ ಚೇನಿ ಜೂನಿಯರ್ ಅಂತ ನಟ ಆದ, ಹೆಸರು ಮೊದ್ಲು ಕ್ರೈಟನ್ ಅಂತಾನೇ ಇತ್ತು, ಅಮ್ಮನ ಮನೆ ಹೆಸರು.

ನಾಲ್ಕನೇಸಾಲು:
ಸರ್ ನಾನು ಫಿಲ್ಮ್ ಸ್ಟಡೀಸ್ ಸ್ಟೂಡೆಂಟ್, ಒಂದು ಡೌಟು. ಯೂನಿವರ್ಸಲ್‌ಗೆ ಹೋದ ತಕ್ಷಣ ಫೇಮಸ್ ಆದ್ರಾ? ಯಾಕಂದ್ರೆ ಕ್ಲಾಸಲ್ಲಿ ಡೈರೆಕ್ಟಾಗಿ 1923ರ 'ಹಂಚ್‌ಬ್ಯಾಕ್ ಆಫ್ ನೋಟ್ರ್ ಡೇಮ್'ಗೇ ಹೋಗ್ಬಿಟ್ರು, ಅದರಲ್ಲಿ ಗೂನು 30 ಕೆಜಿ ಇತ್ತು ಅಂತ ಹೇಳಿದ್ರು, 1913ರಿಂದ 23ರವರೆಗೆ ಏನಾಯ್ತು ಅಂತ ಏನೂ ಹೇಳ್ಲಿಲ್ಲ

ಹಳೇರೀಲು:
ಇದಕ್ಕೆ ನಾನು ಉತ್ತರ ಕೊಡ್ತೀನಿ, ಇದು ನನ್ನ ಏರಿಯಾ. ತಕ್ಷಣ ಏನೂ ಆಗ್ಲಿಲ್ಲಪ್ಪ. ನಾಲ್ಕೈದು ವರ್ಷ ಯೂನಿವರ್ಸಲ್‌ನಲ್ಲಿ ಸಣ್ಣ ಸಣ್ಣ ಪಾರ್ಟು, ಹೆಚ್ಚಿನವು ಒಂದು ರೀಲು ಎರಡು ರೀಲಿನ ಚಿತ್ರಗಳು, ನೂರಕ್ಕೂ ಮೇಲೆ. ಬೆಳಿಗ್ಗೆ ಎಕ್ಸ್‌ಟ್ರಾಗಳೆಲ್ಲ ಒಂದು ಜಾಗದಲ್ಲಿ ಕಾಯ್ತಾ ಕೂತಿರೋರು, ಅಸಿಸ್ಟೆಂಟ್ ಬಂದು ನಮಗೆ ಇಂಥೋನು ಬೇಕು ಅಂಥೋನು ಬೇಕು ಅನ್ನೋನು, ಇವನು ಪೆಟ್ಟಿಗೆ ತೆಗೆದು ಅಲ್ಲೇ ಅಂಥೋನಾಗಿ ಎದ್ದು ನಿಲ್ಲೋನು. ಮೇಕಪ್ ಶುರುವಾಗಿದ್ದೇ ಕೂಲಿ ಸಿಗ್ಲಿ ಅಂತ. ಆಮೇಲೆ ಸಂಬಳ ಸ್ವಲ್ಪ ಏರಿಸಿ, ವಾರಕ್ಕೆ 125 ಡಾಲರ್ ಕೊಡಿ ಅಂತ ಕೇಳಿದ್ದಕ್ಕೆ, ನೀನು ಯಾವತ್ತಿಗೂ ನೂರರ ಮೇಲೆ ಬೆಲೆ ಬಾಳೋನಲ್ಲ ಅಂದ್ರಂತೆ. ಬಿಟ್ಟು ಹೊರಗೆ ಬಂದ. ಕೆಲವು ತಿಂಗಳು ಕಷ್ಟ ಆಯ್ತು, ಆಮೇಲೆ ವಿಲಿಯಂ ಹಾರ್ಟ್ ಜೊತೆ ಒಂದು ವೆಸ್ಟರ್ನ್ ಸಿಕ್ತು.

ತಿರುವು ಬಂದಿದ್ದು 1919ರ 'ದಿ ಮಿರಾಕಲ್ ಮ್ಯಾನ್'. ಕೈಕಾಲು ಸೊಟ್ಟಗಿರೋ ಹಾಗೆ ನಾಟಕ ಆಡಿ ದುಡ್ಡು ಕೀಳೋ ಮೋಸಗಾರ, ತೆವಳ್ಕೊಂಡು ಬಂದು ಎಲ್ರ ಮುಂದೆ ಒಂದೊಂದೇ ಅಂಗ ಬಿಚ್ಚಿ ನೆಟ್ಟಗಾಗ್ತಾನೆ. ಆ ಸಿನಿಮಾ ಪೂರ್ತಿ ಇವತ್ತು ಇಲ್ಲ, ಕೆಲವೇ ನಿಮಿಷ ಉಳಿದಿದೆ, ಪುಣ್ಯಕ್ಕೆ ಈ ಸೀನು ಆ ಉಳಿದಿದ್ರಲ್ಲಿದೆ. ನೋಡಿ, ಇದ್ರಲ್ಲಿ ಹೇಳ್ಕೊಳೋ ಮೇಕಪ್ಪೇ ಇಲ್ಲ, ಬರೀ ಮೈ. ಮರುವರ್ಷ 'ದಿ ಪೆನಾಲ್ಟಿ', ಎರಡೂ ಕಾಲಿಲ್ಲದ ಗೂಂಡಾ, ಮಂಡಿ ಮಡಚಿ ಕಾಲನ್ನ ಹಿಂದಕ್ಕೆ ಬಿಗಿದು ಕಟ್ಟಿ, ಚರ್ಮದ ಬುಟ್ಟಿಯಂಥದ್ರಲ್ಲಿ ಮಂಡಿ ಇಟ್ಕೊಂಡು ನಡೆದ. ರಕ್ತ ಓಡಾಡ್ತಿರ್ಲಿಲ್ಲ, ಒಂದೇ ಸಲಕ್ಕೆ ಕೆಲವು ನಿಮಿಷ ಮಾತ್ರ ಶೂಟ್ ಮಾಡಕ್ಕಾಗ್ತಿತ್ತು. ಆಮೇಲೆ ಅದೇ ಯೂನಿವರ್ಸಲ್ ಅವನನ್ನ ವಾಪಸ್ ಕರೆದಿದ್ದು, ನೀನು ಹೇಳಿದ 'ಹಂಚ್‌ಬ್ಯಾಕ್'ನ ಗೂನುಬೆನ್ನಿನ ಗಂಟೆ ಬಾರಿಸೋನು ಕ್ವಾಸಿಮೋಡೋ ಪಾತ್ರಕ್ಕೆ.

30 ಕೆಜಿ ಗೂನು ಅನ್ನೋದು ಪಬ್ಲಿಸಿಟಿ ಕಥೆ. ಪ್ಲಾಸ್ಟರ್ ಗೂನು ನಿಜ, ಆದ್ರೆ ಹತ್ತು ಕೆಜಿ ಒಳಗೇ ಇತ್ತು. ಹತ್ತು ಕೆಜಿ ಬೆನ್ನಿಗೆ ಕಟ್ಕೊಂಡು ಚರ್ಚಿನ ಗೋಡೆ ಹತ್ತಿ ಇಳಿಯೋದು ಕಮ್ಮಿ ಕೆಲಸ ಅಂತ ನಾನು ಹೇಳ್ತಿಲ್ಲ, ಸತ್ಯಾನೇ ಸಾಕಷ್ಟು ದೊಡ್ಡದಿರುವಾಗ ಉಬ್ಬಿಸೋದು ಯಾಕೆ ಅಂತ ಅಷ್ಟೆ.

ಕೈಮಾತು:
ನಾನು ಈ ಗುಂಪಲ್ಲಿ ಓದ್ತೀನಿ ಅಷ್ಟೆ, ಬರೆಯೋದು ಇದೇ ಮೊದ್ಲು. ಇಷ್ಟೊತ್ತಾದ್ರೂ ಒಂದು ವಿಷಯ ಯಾರೂ ಎತ್ತಲಿಲ್ಲ ಅಂತ ಆಶ್ಚರ್ಯ ಆಗಿ ಲಾಗಿನ್ ಆದೆ. ಲಾನ್ ಚೇನಿಯ ಅಪ್ಪ ಅಮ್ಮ ಇಬ್ರಿಗೂ ಕಿವಿ ಕೇಳಿಸ್ತಿರ್ಲಿಲ್ಲ. ಅಪ್ಪ ಕ್ಷೌರದ ಅಂಗಡಿ ಕೆಲಸ. ಅಮ್ಮನ ಅಪ್ಪ, ಅಂದ್ರೆ ಇವನ ತಾತ, 1874ರಲ್ಲಿ ಕೊಲರಾಡೋದ ಕಿವುಡ ಮಕ್ಕಳ ಶಾಲೆ ಶುರು ಮಾಡಿದೋರು. ಚೇನಿಗೆ ಒಂಬತ್ತು ಹತ್ತು ವರ್ಷ ಇದ್ದಾಗ ಅಮ್ಮನಿಗೆ ಸಂಧಿವಾತ ಬಂದು ಹಾಸಿಗೆ ಹಿಡಿದ್ರು. ಹುಡುಗ ಸ್ಕೂಲ್ ಬಿಟ್ಟು ಅಮ್ಮನ್ನ ನೋಡ್ಕೊಂಡ, ಹೊರಗೆ ಏನೇನು ನಡೀತು, ಯಾರು ಹೆಂಗೆ ನಡ್ಕೊಂಡು ಹೋದ್ರು, ಯಾರು ಯಾರತ್ರ ಜಗಳ ಆಡಿದ್ರು ಎಲ್ಲಾ ಅಮ್ಮನ ಮುಂದೆ ಮೈಯಲ್ಲಿ ಮಾಡಿ ತೋರಿಸ್ತಿದ್ದ.

ನನ್ನ ಅಪ್ಪ ಅಮ್ಮನಿಗೂ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಹಾಗಾಗಿ ಇದನ್ನ ನಾನು ಪುಸ್ತಕದಿಂದ ಹೇಳ್ತಿಲ್ಲ. ನಮ್ಮನೇಲಿ ನಾನು ಮಾತು ಕಲಿಯೋದಕ್ಕೆ ಮುಂಚೆ ಸನ್ನೆ ಕಲಿತೋಳು. ಪಕ್ಕದ್ಮನೆ ಅಜ್ಜಿ ಬಂದಿದ್ರು ಅಂತ ಅಮ್ಮನಿಗೆ ಹೇಳ್ಬೇಕಂದ್ರೆ ಆ ಅಜ್ಜಿ ಸೊಂಟ ಹಿಡ್ಕೊಳೋ ರೀತಿ ಮಾಡಿದ್ರೆ ಸಾಕು, ಹೆಸರು ಬೇಡ. ಬೇಜಾರಲ್ಲಿ ಹೇಳಿದ್ರಾ ನಗ್ತಾ ಹೇಳಿದ್ರಾ ಅನ್ನೋದು ಕೈ ಎಷ್ಟು ಜೋರಾಗಿ ಬೀಸ್ತೀವಿ, ಎಲ್ಲಿ ನಿಲ್ಲಿಸ್ತೀವಿ, ಭುಜ ಎಷ್ಟು ಎತ್ತೀವಿ ಅದ್ರಲ್ಲೇ ಇರತ್ತೆ. ಕೇಳೋ ಜನ ಕೈ ಆಡಿಸೋದು ಮಾತಿನ ಜೊತೆಗೆ, ನಮ್ಮನೇಲಿ ಕೈ ಅಂದ್ರೇನೇ ಮಾತು. ಬಣ್ಣದಪೆಟ್ಟಿಗೆ ಸರ್ ಆ ಭುಜ ಮುಟ್ಟೋ ಸೀನ್ ಬಗ್ಗೆ ಬರೆದಾಗ ನನಗೆ ಮೈ ಜುಂ ಅಂತು, ಯಾಕಂದ್ರೆ ಕಿವಿ ಕೇಳದೇ ಇರೋರನ್ನ ಹಿಂದಿಂದ ಕರೀಬೇಕಂದ್ರೆ ಭುಜಾನೇ ಮುಟ್ಬೇಕು. ಕೂಗಿದ್ರೆ ಕೇಳಿಸಲ್ವಲ್ಲ. ಬೆಚ್ಚಿಬೀಳಬಾರ್ದು ಅಂತ ಮೊದ್ಲು ಬೆರಳ ತುದಿ, ಆಮೇಲೆ ಅಂಗೈ. ನಾನು ದಿನಾ ಅಮ್ಮನ್ನ ಹಾಗೇ ಕರೆಯೋದು.

ಮತ್ತೆ ಕ್ವಾಸಿಮೋಡೋ ಕಿವುಡ, ಗಂಟೆ ಸದ್ದಿಗೆ ಕಿವಿ ಹೋಗಿರತ್ತೆ. ಗೂನಿನ ತೂಕದ ಬಗ್ಗೆ ಎಲ್ರೂ ಮಾತಾಡ್ತಾರೆ, ಕಿವಿ ಬಗ್ಗೆ ಯಾರೂ ಮಾತಾಡಲ್ಲ.

ಬಣ್ಣದಪೆಟ್ಟಿಗೆ:
ಮೇಡಂ, ಇದನ್ನ ಎರಡು ಸಲ ಓದಿದೆ. ಅಪ್ಪ ಅಮ್ಮನ ವಿಷಯ ನನಗೆ ಗೊತ್ತಿತ್ತು, ಎಲ್ಲ ಕಡೆ ಒಂದು ಸಾಲು ಬರೆದಿರ್ತಾರೆ, ನಾನೂ ಓದಿ ಮುಂದಕ್ಕೆ ಹೋಗ್ಬಿಟ್ಟಿದ್ದೆ. ಇಪ್ಪತ್ತೆರಡು ವರ್ಷ ಬರೀ ಪುಟ್ಟಿ ನೋಡ್ಕೊಂಡು ಕೂತಿದ್ದೀನಿ. ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಧಾರವಾಡದಾಕಿ:
ತಂಗಿ, ಭಾಳ ಚಂದ ಬರದೀ. ಇನ್ನೂ ಬರಿ.

ನಾಲ್ಕನೇಸಾಲು:
ಮೇಡಂ ನಿಮ್ಮನ್ನೇ ಕೇಳ್ಬೇಕು ಅನ್ಸತ್ತೆ, ತಪ್ಪಾಗಿ ತಿಳ್ಕೋಬೇಡಿ. ಅವರ ಸಿನಿಮಾದಲ್ಲಿ ಕಾಲಿಲ್ಲದೋರು, ಕೈ ಇಲ್ಲದೋರು, ಗೂನು ಬೆನ್ನಿನೋರು ಅಂದ್ರೆ ಹೆಚ್ಚಾಗಿ ವಿಲನ್ನು ಇಲ್ಲಾಂದ್ರೆ ಅಯ್ಯೋಪಾಪ. 1927ರ 'ಮಿಸ್ಟರ್ ವೂ'ನಲ್ಲಿ ಚೀನಿ ಮನುಷ್ಯನ ಥರ ಮೇಕಪ್ ಬೇರೆ ಮಾಡ್ಕೊಂಡಿದ್ದಾರೆ. ಇದನ್ನೆಲ್ಲಾ ಇವತ್ತು ಹೆಂಗೆ ನೋಡೋದು?

ಕೈಮಾತು:
ಕೇಳಿದ್ದು ಸರಿಯಾಗೇ ಇದೆ, ತಪ್ಪು ತಿಳ್ಕೊಳಲ್ಲ. 'ಮಿಸ್ಟರ್ ವೂ' ನನಗೆ ನೋಡಕ್ಕಾಗ್ಲಿಲ್ಲ, ಅರ್ಧಕ್ಕೆ ನಿಲ್ಲಿಸಿದೆ. ಚೀನಿಯರ ಪಾತ್ರ ಚೀನಿಯರಿಗೆ ಕೊಡ್ಬೇಕಿತ್ತು, ಆ ಕಾಲ ಹಾಗಿತ್ತು ಅಂದ್ರೂ ನೋವಾಗಿದ್ದು ನಿಜ ತಾನೇ. ಬೇರೆಯವುಗಳ ಬಗ್ಗೆ ನನ್ನ ಮನಸ್ಸು ಎರಡು ಕಡೆ ಎಳೆಯತ್ತೆ. ಕಥೆ ಬರೆದೋರು ಅಂಗ ಊನ ಆದ್ರೆ ಮನಸ್ಸೂ ಊನ ಅನ್ನೋ ಥರಾನೇ ಬರೆದಿದ್ದಾರೆ, ಅದು ನನಗೆ ಕೋಪ ಬರಿಸತ್ತೆ. ಆದ್ರೆ ಆ ಕಥೆಯೊಳಗೆ ಚೇನಿ ಹೋಗಿ ನಿಂತಾಗ ಆ ಮನುಷ್ಯನಿಗೆ ಸಿಟ್ಟಿರತ್ತೆ, ಆಸೆ ಇರತ್ತೆ, ಪ್ರೀತಿ ಮಾಡೋ ಹಕ್ಕು ನನಗೂ ಇದೆ ಅನ್ನೋ ಹಠ ಇರತ್ತೆ. ನಮ್ಮಪ್ಪನ್ನ ನೋಡಿ ಅಯ್ಯೋಪಾಪ ಅನ್ನೋರನ್ನ ಬಸ್ಸಲ್ಲಿ, ಬ್ಯಾಂಕಲ್ಲಿ ದಿನಾ ನೋಡ್ತೀನಿ. ಚೇನಿ ಅಯ್ಯೋಪಾಪ ಅನ್ನಿಸ್ಕೊಳಕ್ಕೆ ಒಪ್ಪಲ್ಲ.

ಹಳೇರೀಲು:
1927ರ 'ದಿ ಅನ್‌ನೋನ್' ವಿಷಯಾನೂ ಇಲ್ಲಿ ಹೇಳ್ಬೇಕು, ಟಾಡ್ ಬ್ರೌನಿಂಗ್ ನಿರ್ದೇಶನ. ಸರ್ಕಸ್ಸಿನಲ್ಲಿ ಕಾಲಲ್ಲಿ ಚಾಕು ಎಸೆಯೋನ ಪಾತ್ರ. ಕಾಲಲ್ಲಿ ಮಾಡೋ ಸೂಕ್ಷ್ಮ ಕೆಲಸಗಳಿಗೆ ನಿಜವಾಗ್ಲೂ ಕೈ ಇಲ್ಲದ ಪಾಲ್ ಡೆಸ್‌ಮ್ಯೂಕ್ ಅನ್ನೋ ಕಲಾವಿದ ಡಬಲ್ ಆಗಿದ್ರು. ಮುಖ ಎದೆ ಚೇನಿದು, ಕಾಲು ಅವರದು, ಇಬ್ರೂ ಸೇರಿ ಒಂದೇ ದೇಹ ಅನ್ನೋ ಹಾಗೆ ಕೂತು ಮಾಡಿದ್ದು. ಹೆಸರೆಲ್ಲಾ ಚೇನಿಗೆ ಹೋಯ್ತು. ಅದ್ರಲ್ಲಿ ಜೋನ್ ಕ್ರಾಫರ್ಡ್ ಇನ್ನೂ ಚಿಕ್ಕ ಹುಡುಗಿ, ಕ್ಯಾಮೆರಾ ಮುಂದೆ ನಿಲ್ಲೋದಕ್ಕೂ ನಟಿಸೋದಕ್ಕೂ ಇರೋ ವ್ಯತ್ಯಾಸ ಇವರನ್ನ ನೋಡಿ ಕಲಿತೆ ಅಂತ ಆಮೇಲೆ ಹೇಳಿದ್ದಾರೆ.

ಆ ಸಿನಿಮಾ ತುಂಬಾ ವರ್ಷ ಸಿಕ್ಕಿರ್ಲಿಲ್ಲ. ಪ್ಯಾರಿಸ್‌ನ ಸಿನೆಮಾತೆಕ್ ಅನ್ನೋ ಹಳೇ ಸಿನಿಮಾಗಳ ಸಂಗ್ರಹಾಲಯದಲ್ಲೇ ಇತ್ತು, ಆದ್ರೆ ಡಬ್ಬಿ ಮೇಲೆ ಹೆಸರು 'ಅಪರಿಚಿತ'. ಹೆಸರು ಗೊತ್ತಿಲ್ಲದ ರೀಲುಗಳಿಗೂ ಅಲ್ಲಿ ಅದನ್ನೇ ಬರೆದಿಡ್ತಿದ್ರು, ಅದಕ್ಕೇ ರಾಶಿಯಲ್ಲಿ ಕಳೆದುಹೋಗಿ 1968ರಲ್ಲಿ ಸಿಕ್ತು. ಅದೃಷ್ಟ ಇಷ್ಟಕ್ಕೇ. 'ಲಂಡನ್ ಆಫ್ಟರ್ ಮಿಡ್‌ನೈಟ್'ನ ಕೊನೇ ಪ್ರಿಂಟು 1965ರಲ್ಲಿ ಎಂಜಿಎಂ ಸ್ಟುಡಿಯೋದ ಗೋದಾಮಿಗೆ ಬೆಂಕಿ ಬಿದ್ದಾಗ ಹೋಯ್ತು, ಸ್ಟಿಲ್ ಫೋಟೋ ಮಾತ್ರ ಉಳಿದಿವೆ. ಅವನು ಮಾಡಿದ್ದು ನೂರೈವತ್ತರ ಆಸುಪಾಸು, ಅದ್ರಲ್ಲಿ ಸುಮಾರು ನೂರು ಇವತ್ತು ಇಲ್ಲ. ನಾವು ಇಲ್ಲಿ ಮಾತಾಡ್ತಿರೋದು ಉಳಿದ ಮೂರನೇ ಒಂದು ಪಾಲಿನ ಚೇನಿ ಬಗ್ಗೆ. ಇದು ನೆನಪಾದಾಗೆಲ್ಲ ನನಗೆ ಸಂಕಟ ಆಗತ್ತೆ.

ಕಡಲತಡಿ:
ಟಾಕಿ ಬಂದ ಮೇಲೆ ಏನಾಯ್ತು ಇವನ ಕಥೆ? ಸ್ಟೇಜಿನಿಂದ ಬಂದವ ಅಲ್ವಾ, ಸ್ವರ ಇರ್ಬೇಕಲ್ಲ.

ಹಳೇರೀಲು:
ಸ್ವರ ಇತ್ತು, ಬೇಕಾದಷ್ಟು ಇತ್ತು. ಆದ್ರೂ ಟಾಕಿಗೆ ತಡವಾಗಿ ಒಪ್ಪಿದ. ತನ್ನದೇ 1925ರ 'ದಿ ಅನ್‌ಹೋಲಿ ಥ್ರೀ'ಯನ್ನ 1930ರಲ್ಲಿ ಟಾಕಿ ಮಾಡಿದ್ರು, ಅದೊಂದೇ ಅವನ ಟಾಕಿ. ಪಾತ್ರ ಬಾಯಿ ಆಡಿಸದೆ ಬೊಂಬೆ ಮಾತಾಡಿಸೋ ಕಲಾವಿದಂದು. ಮೂಕಿ ಚಿತ್ರದಲ್ಲಿ ಅದನ್ನ ತೋರಿಸೋದು ಹೆಂಗೆ ಅಂತೀರಾ, 1925ರಲ್ಲಿ ಗಿಳಿಗಳ ಪಕ್ಕ ಕಾಮಿಕ್ಸ್ ಥರ ಮಾತಿನ ಗುಳ್ಳೆ ಬಿಡಿಸಿದ್ರು! 1930ರಲ್ಲಿ ಐದು ಸ್ವರ ತಾನೇ ಕೊಟ್ಟ, ಆ ಕಲಾವಿದ, ಮುದುಕಿ, ಬೊಂಬೆ, ಗಿಳಿ, ಒಂದು ಹುಡುಗಿ. ಐದೂ ನನ್ನವೇ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೊಟ್ಟ, ಸ್ಟುಡಿಯೋ ಅದನ್ನ ಪ್ರಚಾರಕ್ಕೆ ಬಳಸ್ತು. ಸಿನಿಮಾ ಜುಲೈಯಲ್ಲಿ ಬಂತು. ಹಿಂದಿನ ವರ್ಷದಿಂದಲೇ ನ್ಯುಮೋನಿಯಾ ಆಗಿ ಆರೋಗ್ಯ ಕೆಟ್ಟಿತ್ತು, ಶ್ವಾಸಕೋಶದ ಕ್ಯಾನ್ಸರ್ ಅಂತ ಆಮೇಲೆ ಗೊತ್ತಾಯ್ತು. ಆಗಸ್ಟ್ 26ಕ್ಕೆ ಗಂಟಲಲ್ಲಿ ರಕ್ತಸ್ರಾವ ಆಗಿ ತೀರಿಕೊಂಡ. ನಲವತ್ತೇಳು ವರ್ಷ.

ಕೊನೇ ದಿನಗಳಲ್ಲಿ ಸ್ವರ ಪೂರ್ತಿ ಹೋಗಿತ್ತು. ಮನೆಯವರ ಹತ್ರ ಕೈಸನ್ನೆಯಲ್ಲೇ ಮಾತಾಡ್ತಿದ್ದ, ಅಪ್ಪ ಅಮ್ಮನ ಹತ್ರ ಕಲಿತಿದ್ದನಲ್ಲ, ಅದೇ.

ಧಾರವಾಡದಾಕಿ:
ಇಬ್ಬರದೂ ಕಂಠ ಹೋತಲ್ರಿ. ಆಕಿದೂ ಈತಂದೂ.

ಬಣ್ಣದಪೆಟ್ಟಿಗೆ:
ಅಕ್ಕ, ಹೌದು.

ಮೇಕಪ್ ಇಲ್ದೇ ಮಾಡಿದ್ದು ನೋಡ್ಬೇಕು ಅನ್ನೋರಿಗೆ, 1926ರ 'ಟೆಲ್ ಇಟ್ ಟು ದಿ ಮರೀನ್ಸ್' ಹುಡುಕಿ. ಸಾರ್ಜೆಂಟ್ ಪಾತ್ರ, ಸ್ವಂತ ಮುಖ. ಆ ಪಾತ್ರಕ್ಕೆ ಅಮೆರಿಕ ಸೇನೆಯ ಮರೀನ್ ದಳದವರು ಗೌರವ ಸದಸ್ಯತ್ವ ಕೊಟ್ರು, ಅಂತ್ಯಕ್ರಿಯೆಗೂ ಗೌರವ ಪಡೆ ಕಳಿಸಿದ್ರು. ಸಮಾಧಿ ಮೇಲೆ ಮಾತ್ರ ಹೆಸರಿಲ್ಲ.

ಕೈಮಾತು:
ನಾಲ್ಕು ದಿನ ಬಿಟ್ಟು ಬರೀತಿದೀನಿ. ಭಾನುವಾರ ಅಪ್ಪನಿಗೆ 'ಹಂಚ್‌ಬ್ಯಾಕ್' ತೋರಿಸಿದೆ. ಟಿವಿಯಲ್ಲಿ ಬರೋ ಯಾವ ಸಿನಿಮಾನೂ ಅಪ್ಪನಿಗೆ ಪೂರ್ತಿ ಸಿಗಲ್ಲ, ಎಲ್ರೂ ಮಾತಾಡ್ತಾನೇ ಇರ್ತಾರೆ, ನಾನು ಪಕ್ಕದಲ್ಲಿ ಕೂತು ಕೈಯಲ್ಲಿ ಹೇಳ್ತಾ ಇರ್ಬೇಕು. ಇದಕ್ಕೆ ನಾನು ಮಾತು ಬರೆದ ಇಂಗ್ಲಿಷ್ ಕಾರ್ಡ್ ತೆರೆ ಮೇಲೆ ಬಂದಾಗ ಮಾತ್ರ ಹೇಳ್ತಿದ್ದೆ, ಸ್ವಲ್ಪ ಹೊತ್ತಾದ ಮೇಲೆ ಅದೂ ಬೇಡ ಸುಮ್ನಿರು ಅಂದ್ರು. ಕ್ವಾಸಿಮೋಡೋನ ಚೌಕದಲ್ಲಿ ಕಟ್ಟಿ ಚಾವಟಿಯಲ್ಲಿ ಹೊಡೆದು, ನೀರು ನೀರು ಅಂತ ಅವನು ಒದ್ದಾಡುವಾಗ ಸುತ್ತ ಇರೋ ಜನ ನಗ್ತಾರಲ್ಲ, ಆಮೇಲೆ ಎಸ್ಮೆರಾಲ್ಡಾ ಬಂದು ನೀರು ಕುಡಿಸ್ತಾಳಲ್ಲ, ಅಲ್ಲಿ ಅಪ್ಪ ರಿಮೋಟ್ ಇಸ್ಕೊಂಡು ಹಿಂದಕ್ಕೆ ಹಾಕಿ ಮತ್ತೆ ನೋಡಿದ್ರು. ಮೂರು ಸಲ.

ಆಮೇಲೆ ನನ್ನ ಕಡೆ ತಿರುಗಿ ಅವರು ಕೇಳಿದ್ದು ಒಂದೇ, ಇವನು ನಮ್ಮವನಾ ಅಂತ. ಕಿವಿ ಮುಟ್ಟಿ, ಎದೆ ಮುಟ್ಟಿ. ನಾನು ಇಲ್ಲಪ್ಪ, ಇವನಿಗೆ ಕೇಳಿಸ್ತಿತ್ತು, ಅಪ್ಪ ಅಮ್ಮನಿಗೆ ಕೇಳಿಸ್ತಿರ್ಲಿಲ್ಲ ಅಂದೆ. ಅಪ್ಪ ನನ್ನನ್ನ ತೋರಿಸಿ, ಸ್ಕ್ರೀನ್ ತೋರಿಸಿ, ಎರಡು ಬೆರಳು ಜೋಡಿಸಿದ್ರು. ಇಬ್ರೂ ಒಂದೇ ಅಂತ.

ಬಣ್ಣದಪೆಟ್ಟಿಗೆ ಸರ್, ಮುಂದಿನ ಭಾನುವಾರಕ್ಕೆ ಅಪ್ಪ ಇನ್ನೊಂದು ಕೇಳ್ತಿದಾರೆ. ಯಾವ್ದು ಹಾಕ್ಲಿ?

ಬಣ್ಣದಪೆಟ್ಟಿಗೆ:
1924ರ 'ಹಿ ಹೂ ಗೆಟ್ಸ್ ಸ್ಲ್ಯಾಪ್ಡ್' ಹಾಕಿ ಮೇಡಂ. ಸರ್ಕಸ್ ವಿದೂಷಕನ ಪಾತ್ರ, ಕಾರ್ಡುಗಳೂ ಅಷ್ಟೇನಿಲ್ಲ. ಅಪ್ಪ ಏನಂದ್ರು ಅಂತ ಬಂದು ಹೇಳಿ, ಕಾಯ್ತಿರ್ತೀವಿ.